ಹಿತ್ತಾಳೆಯ ಪಾಠಾಂತರಗಳು

ನಮ್ಮ ಕನ್ನಡ ವಿಭಾಗದ ಈ ಸ್ಮರಣ ಸಂಪುಟಕ್ಕೆ ಗ್ರಂಥಸಂಪಾದನೆಯನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ ನಾನು ಒಪ್ಪಿಕೊಂಡದ್ದು ನಿಜ. ಮೂವತ್ತು ವರ್ಷಗಳಿಂದ ತರಗತಿಯಲ್ಲಿ ಅದನ್ನೇ ಪಾಠ ಹೇಳುತ್ತ ಬಂದವನಿಗೆ ಅದು ಕಷ್ಟದ ಕೆಲಸವೂ ಅಲ್ಲ. ಆದರೆ ಬರೆಯಲು ಕುಳಿತಾಗಲೆಲ್ಲ ತಾಡವೋಲೆಗಳನ್ನು ಹಿಂದಕ್ಕೆ ತಳ್ಳಿ ಹಿತ್ತಾಳೆಯ ಒಂದು ಚೂರು ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಅದನ್ನು ಮೊದಲು ಬರೆದು ಮುಗಿಸದ ಹೊರತು ಬೇರೆಯದು ಬರೆಯಲಾಗದೆಂದು ತೋರಿದ್ದರಿಂದ, ಸಂಪಾದಕರ ಕ್ಷಮೆ ಕೋರಿ, ಕೇಳಿದ ಲೇಖನದ ಬದಲಿಗೆ ಇದನ್ನು ಒಪ್ಪಿಸುತ್ತಿದ್ದೇನೆ. ವಿಷಯ ತೀರ ಹೊರಗಿನದಲ್ಲವೆಂದು ಓದುಗರಿಗೆ ಕ್ರಮೇಣ ತಿಳಿದೀತು.

2023ರ ಬೇಸಿಗೆಯಲ್ಲಿ ನಾನು ಅಮೆರಿಕದ ಓಹಾಯೊ ರಾಜ್ಯದ ಒಂದು ಚಿಕ್ಕ ಊರಿನಲ್ಲಿ ಅಕ್ಕನ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಹಗಲೆಲ್ಲ ಅವನೂ ಅವನ ಹೆಂಡತಿಯೂ ಕೆಲಸಕ್ಕೆ ಹೋಗುತ್ತಿದ್ದರು. ತಂದ ಪುಸ್ತಕಗಳು ಮೂರನೆಯ ವಾರಕ್ಕೆ ಮುಗಿದವು. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಒಂಟಿಯಾಗಿದ್ದರು. ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ಆಯುಷ್ಯ ಕಳೆದು ನಿವೃತ್ತರಾದವರು. ಅವರ ಗ್ಯಾರೇಜಿನ ಬಾಗಿಲು ಬೆಳಗಿನಿಂದ ಸಂಜೆಯವರೆಗೆ ತೆರೆದೇ ಇರುತ್ತಿತ್ತು. ಒಳಗಿನಿಂದ ಅಕ್ಕಿಯನ್ನು ಮೊರದಲ್ಲಿ ಕೇರಿದಂತಹ ಒಂದು ಸದ್ದು ಎಡೆಬಿಡದೆ ಬರುತ್ತಿತ್ತು. ಏನೆಂದು ಕೇಳಿದಾಗ ಅಕ್ಕನ ಮಗ ನಕ್ಕು, "ಮಾಮಾ, ಅವರು ಕಾಡತೂಸು ತೊಳೀತಾರ. ನಿಮ್ಮಂಗs ಅವರೂ ದಿನಾ ಆರಿಸಿಕೋತ ಕೂಡ್ತಾರ, ಹೋಗಿ ನೋಡ್ರಿ" ಎಂದ.

ಕಾಡತೂಸು ಎಂಬ ಈ ಮಾತು ಪೋರ್ತುಗೀಸರ 'ಕಾರ್ತೂಶು' ಎಂಬುದರಿಂದ ಹೊರಟು, ಹಿಂದೂಸ್ತಾನಿಯ 'ಕಾರ್ತೂಸ್' ಆಗಿ, ಮರಾಠಿಯಲ್ಲಿ 'ಕಾಡತೂಸ' ಎನಿಸಿ ನಮ್ಮ ಉತ್ತರ ಕರ್ನಾಟಕದ ಬಾಯಿಗೆ ಬಂದುದು. ಮಲೆನಾಡಿನವರು ಇದನ್ನೇ ತೋಟಾ ಎನ್ನುತ್ತಾರೆ. ಒಳಗೆ ತುಂಬುವ ಸ್ಫೋಟಕಕ್ಕೆ ಮಾತ್ರ ಕನ್ನಡ ತನ್ನ ಸ್ವಂತದ ಮದ್ದು ಎಂಬ ಹೆಸರನ್ನೇ ಕೊಟ್ಟಿತು. ರೋಗ ಕಳೆಯುವುದಕ್ಕೂ ಜೀವ ಕಳೆಯುವುದಕ್ಕೂ ಒಂದೇ ಶಬ್ದ. ಆದರೆ ನಮ್ಮ ಮನೆಯಲ್ಲಿ ಈ ಯಾವ ಮಾತೂ ಬಳಕೆಯಲ್ಲಿರಲಿಲ್ಲ. ನಮ್ಮ ಮನೆಯಲ್ಲಿದ್ದ ಮಾತು 'ಕೇಸು'. ನನ್ನ ತಂದೆಯವರು ಗದಗಿನ ಕಡೆಯಿಂದ 1956ರಲ್ಲಿ ಪುಣೆಗೆ ಬಂದು, ಖಡಕಿಯ ಮದ್ದುಗುಂಡು ಕಾರ್ಖಾನೆಯಲ್ಲಿ ಸೇರಿ, 1991ರವರೆಗೆ ಅಲ್ಲಿಯೇ ದುಡಿದರು. ಬ್ರಿಟಿಷರು 1869ರಲ್ಲಿ ಸ್ಥಾಪಿಸಿದ ಕಾರ್ಖಾನೆ ಅದು. 2021ರಲ್ಲಿ ದೇಶದ ಆಯುಧ ಕಾರ್ಖಾನೆಗಳನ್ನೆಲ್ಲ ಏಳು ಕಂಪನಿಗಳಾಗಿ ವಿಂಗಡಿಸಿದ ಮೇಲೆ ಮ್ಯೂನಿಶನ್ಸ್ ಇಂಡಿಯಾ ಎಂಬ ಸಂಸ್ಥೆಯ ಆಡಳಿತಕ್ಕೆ ಸೇರಿದೆ. ಅಪ್ಪನ ಕೆಲಸ ಕೇಸು ನೋಡುವುದು. ಸಾಲಾಗಿ ಬಂದ ಹಿತ್ತಾಳೆಯ ಖಾಲಿ ಕೋಶಗಳನ್ನು ಬೆಳಕಿಗೆ ಹಿಡಿದು, ಗೇಜಿನಲ್ಲಿ ಇಟ್ಟು, ಸೀಳಿದ್ದನ್ನು, ತಗ್ಗು ಬಿದ್ದದ್ದನ್ನು, ಗೆರೆ ಎದ್ದದ್ದನ್ನು ಬೇರೆ ಮಾಡುವುದು. ಕಾರ್ಖಾನೆಯೊಳಗಿನ ಸಂಗತಿಯನ್ನು ಅವರು ಮನೆಯಲ್ಲಿ ಆಡುತ್ತಿರಲಿಲ್ಲ, ಆಡಬಾರದೆಂಬ ನಿಯಮವಿತ್ತು. ಹೀಗಾಗಿ ನಲವತ್ತು ವರ್ಷ ಅವರ ಮಗನಾಗಿದ್ದೂ ಅವರು ಏನನ್ನು ನೋಡುತ್ತಿದ್ದರು ಎಂಬುದನ್ನು ನಾನು ಮೊದಲ ಬಾರಿಗೆ ತಿಳಿದುಕೊಂಡದ್ದು ಓಹಾಯೊದ ಆ ಗ್ಯಾರೇಜಿನಲ್ಲಿ.

ಹಾರಿಸಿದ ಕಾಡತೂಸಿನಲ್ಲಿ ಗುಂಡು ಹೋಗುತ್ತದೆ, ಮದ್ದು ಉರಿಯುತ್ತದೆ, ಕ್ಯಾಪು ಸತ್ತುಹೋಗುತ್ತದೆ. ಉಳಿಯುವುದು ಹಿತ್ತಾಳೆಯ ಕೋಶ. ನೂರಕ್ಕೆ ಎಪ್ಪತ್ತು ಪಾಲು ತಾಮ್ರ, ಮೂವತ್ತು ಪಾಲು ಸತುವು. ಮದ್ದು ಹೊತ್ತಿದ ಕ್ಷಣದಲ್ಲಿ ಅದು ಉಬ್ಬಿ ನಳಿಗೆಯ ಹಿಂಬದಿಯ ಗೂಡಿಗೆ ಅಂಟಿಕೊಂಡು ಅನಿಲ ಹಿಂದಕ್ಕೆ ಹಾಯದಂತೆ ತಡೆಯುತ್ತದೆ, ಮರುಕ್ಷಣ ಸ್ವಲ್ಪ ಕುಗ್ಗಿ ಹೊರಬರಲು ಒಪ್ಪುತ್ತದೆ. ಉಬ್ಬಿ ಕುಗ್ಗುವ ಈ ಗುಣದಿಂದಲೇ ಅದನ್ನು ಮತ್ತೆ ಅಳತೆಗೆ ತಂದು, ಹೊಸ ಕ್ಯಾಪು, ಹೊಸ ಮದ್ದು, ಹೊಸ ಗುಂಡು ಇಟ್ಟು ಹಲವು ಬಾರಿ ಬಳಸಲು ಸಾಧ್ಯ. ಅಮೆರಿಕದಲ್ಲಿ ಗುರಿಕಾರರು ಇದನ್ನು ಮನೆಯಲ್ಲಿಯೇ ಮಾಡಿಕೊಳ್ಳುತ್ತಾರೆ. ಖರ್ಚು ಉಳಿಯುವುದು ಒಂದು ಕಾರಣ. ನಮ್ಮ ನೆರೆಯವರ ಕಾರಣ ಬೇರೆ: ಮುನ್ನೂರು ಗಜ ದೂರದ ಕಾಗದದ ಮೇಲೆ ಹಾರಿಸಿದ ಐದು ಗುಂಡುಗಳೂ ಒಂದೇ ರಂಧ್ರದಲ್ಲಿ ಹಾದುಹೋಗಬೇಕೆಂಬುದು ಅವರ ಬಾಳಿನ ಉಳಿದ ಆಸೆ. ಪ್ರತಿ ಗುಂಡೂ ಹಿಂದಿನದರಂತೆಯೇ ಹೋಗಬೇಕಾದರೆ ಪ್ರತಿ ಕಾಡತೂಸೂ ಹಿಂದಿನದರಂತೆಯೇ ಇರಬೇಕು. ಅದಕ್ಕಾಗಿ ಆರಿಸುವುದು.

ಅವರು ನನಗೊಂದು ಮುಕ್ಕಾಲಿಗೆ ಹಾಕಿಕೊಟ್ಟರು. ಅಂದಿನಿಂದ ದಿನವೂ ಬೆಳಗಿನ ಎರಡು ಗಂಟೆ ನಾನು ಅಲ್ಲಿ ಕುಳಿತೆ. ಅವರು ಮಾತಿನವರಲ್ಲ, ಕೈಯಲ್ಲಿ ಹಿಡಿದು ತೋರಿಸುವವರು.

ಮೊದಲು ತೊಳೆಯುವುದು. ನಾನು ಕೇಳಿದ ಸದ್ದು ಅದರದೇ: ಅಕ್ರೋಟಿನ ಚಿಪ್ಪಿನ ತರಿ ತುಂಬಿದ ನಡುಗುವ ಬೋಗುಣಿಯಲ್ಲಿ ಕೇಸುಗಳು ಗಂಟೆಗಟ್ಟಲೆ ಉರುಳಿ ಮಸಿ ಕಳೆದುಕೊಳ್ಳುತ್ತವೆ. ಆಮೇಲೆ ತಳದ ಮುದ್ರೆ ಓದುವುದು. ಪ್ರತಿ ಕೇಸಿನ ತಳದಲ್ಲಿ ಕ್ಯಾಪಿನ ಸುತ್ತ ತಯಾರಕರ ಗುರುತನ್ನು ಒತ್ತಿರುತ್ತಾರೆ, ಸೈನ್ಯದ್ದಾದರೆ ವರ್ಷವನ್ನೂ. ಮಿಸೌರಿ ರಾಜ್ಯದ ಲೇಕ್ ಸಿಟಿ ಕಾರ್ಖಾನೆಯಲ್ಲಿ 1941ರಿಂದ ತಯಾರಾಗುವ ಸೈನ್ಯದ ಕೇಸಿನ ಮೇಲೆ 'ಎಲ್', 'ಸಿ' ಎಂಬ ಎರಡು ಅಕ್ಷರ. ಗುರಿಮೈದಾನದಲ್ಲಿ ಬಿದ್ದುದನ್ನು ಆಯ್ದು ತಂದ ಬಕೆಟ್ಟಿನಲ್ಲಿ ಹತ್ತಾರು ಮುದ್ರೆಗಳು ಬೆರೆತಿರುತ್ತವೆ. ಒಂದೇ ಬಂದೂಕಿಗೆ ಹೊಂದುವ, ಹೊರಗಿನಿಂದ ಎರಡು ಕಾಳಿನಷ್ಟೂ ಭೇದವಿಲ್ಲದ ಕೇಸುಗಳು ಒಳಗೆ ಬೇರೆಬೇರೆಯಾಗಿರುತ್ತವೆ ಎಂಬುದು ನಾನು ಕಲಿತ ಮೊದಲ ಪಾಠ. ಸೈನ್ಯದ ಕೇಸುಗಳ ಗೋಡೆ ಸಾಮಾನ್ಯವಾಗಿ ದಪ್ಪ. ಹೊರಗಿನ ಆಕಾರ ಒಂದೇ ಆದ್ದರಿಂದ ಒಳಗಿನ ಜಾಗ ಕಡಿಮೆ. ಜಾಗ ಕಡಿಮೆಯಾದರೆ ಅಷ್ಟೇ ಮದ್ದಿಗೆ ಒತ್ತಡ ಹೆಚ್ಚು, ಗುಂಡಿನ ವೇಗವೂ ಬೇರೆ. ಅಂಗಡಿಯ ಕೇಸಿಗೆ ಹಾಕುವಷ್ಟೇ ಮದ್ದನ್ನು ಲೆಕ್ಕವಿಲ್ಲದೆ ಸೈನ್ಯದ ಕೇಸಿಗೆ ಹಾಕುವುದು ಗುರಿ ತಪ್ಪುವ ಮಾತಷ್ಟೇ ಅಲ್ಲ, ಅಪಾಯದ ಮಾತು.

ಮುದ್ರೆಯಿಂದ ವಿಂಗಡಿಸಿದ ಮೇಲೆ, ಎಷ್ಟು ಬಾರಿ ಹಾರಿಸಿದ್ದು ಎಂಬುದರಿಂದ ಮತ್ತೆ ವಿಂಗಡನೆ. ಹಿತ್ತಾಳೆ ಹೊಡೆತ ತಿಂದಷ್ಟೂ ಬಿರುಸಾಗುತ್ತದೆ, ಕತ್ತು ಸೀಳುತ್ತದೆ. ಅದಕ್ಕಿಂತ ಕೆಟ್ಟದ್ದು, ತಳದಿಂದ ಸ್ವಲ್ಪ ಮೇಲೆ ಗೋಡೆ ಎಳೆದುಕೊಂಡು ತೆಳ್ಳಗಾಗುವುದು. ಹೊರಗೆ ಅದು ಹೊಳೆಯುವ ಒಂದು ಬಳೆಯಂತೆ ಕಾಣುತ್ತದೆ; ಒಮ್ಮೊಮ್ಮೆ ಕಾಣುವುದೂ ಇಲ್ಲ. ಆಗ ತುದಿ ಬಗ್ಗಿಸಿದ ಒಂದು ತಂತಿಯನ್ನು ಒಳಗಿಳಿಸಿ ಗೋಡೆಯುದ್ದಕ್ಕೂ ಮೆಲ್ಲನೆ ಎಳೆಯಬೇಕು. ತೆಳುವಾದ ಕಡೆ ತಂತಿ ಒಂದು ಕೂದಲೆಳೆಯಷ್ಟು ತಡೆಯುತ್ತದೆ. ಮೂರು ದಿನ ನನ್ನ ಬೆರಳಿಗೆ ಏನೂ ತಿಳಿಯಲಿಲ್ಲ. ನಾಲ್ಕನೆಯ ದಿನ ಒಂದು ಕೇಸಿನಲ್ಲಿ ತಂತಿ ನಿಂತಿತು. ಅವರು ಅದನ್ನು ಗರಗಸದಿಂದ ಉದ್ದಕ್ಕೆ ಸೀಳಿ ತೋರಿಸಿದರು: ಒಳಗೋಡೆಯಲ್ಲಿ ಉಗುರಿನಿಂದ ಕೊರೆದಂತೆ ಒಂದು ತಗ್ಗು. ಪಿಎಚ್.ಡಿ. ಪದವಿ ಬಂದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲವೆಂದರೆ ವಿದ್ಯಾರ್ಥಿಗಳು ನಗಬಾರದು.

ಕಡೆಯದು ತೂಗುವುದು. ತೂಕದ ಮಾನ ಗ್ರೇನು. ಏಳು ಸಾವಿರ ಗ್ರೇನಿಗೆ ಒಂದು ಪೌಂಡು. ನಮ್ಮ ಅಕ್ಕಸಾಲಿಗರ ಗುಲಗಂಜಿ ಸುಮಾರಾಗಿ ಇದರ ಎರಡರಷ್ಟು. ಒಂದೇ ಮುದ್ರೆಯ, ಒಂದೇ ಉದ್ದಕ್ಕೆ ಕತ್ತರಿಸಿದ ನೂರು ಕೇಸುಗಳನ್ನು ತೂಗಿ, ಅರ್ಧ ಗ್ರೇನಿಗೊಂದರಂತೆ ಗುಂಪು ಮಾಡಿ, ಮೊಟ್ಟೆಯ ತಟ್ಟೆಯಂತಹ ಹಲಗೆಯಲ್ಲಿ ಅವರು ಸಾಲಾಗಿ ನಿಲ್ಲಿಸುತ್ತಿದ್ದರು. ತೂಕ ಹೆಚ್ಚಾದರೆ ಒಳಜಾಗ ಕಡಿಮೆ ಎಂಬ ಊಹೆ ಇದರ ಹಿಂದಿದೆ. ಆದರೆ ಆ ಹೆಚ್ಚಿನ ಹಿತ್ತಾಳೆ ಒಳಗೋಡೆಯಲ್ಲಿಯೇ ಇರಬೇಕೆಂದೇನಿದೆ? ತಳದ ಅಂಚಿನಲ್ಲಿ, ಸುತ್ತಿನ ಗಾಡಿಯಲ್ಲಿ ಇದ್ದರೂ ಇರಬಹುದು. ನಾನು ಹೀಗೆಂದಾಗ ಅವರು ತಲೆಯಾಡಿಸಿ ಒಂದು ಪಿಚಕಾರಿಯಿಂದ ಕೇಸಿನ ತುಂಬ ನೀರು ತುಂಬಿ, ಬಾಯಿಯ ಮಟ್ಟಕ್ಕೆ ಗುಳ್ಳೆಯಿಲ್ಲದಂತೆ ಸವರಿ, ಅದನ್ನು ತೂಗಿ ತೋರಿಸಿದರು. ಹಿಡಿಯುವ ನೀರಿನ ತೂಕವೇ ಒಳಜಾಗದ ನಿಜವಾದ ಅಳತೆ. ಹಾಗಾದರೆ ಎಲ್ಲವನ್ನೂ ನೀರಿನಿಂದಲೇ ಅಳೆಯಬಾರದೇಕೆ ಎಂದೆ. ಆಯುಷ್ಯ ಸಾಲದು ಎಂದರು. ತೂಕದ ವಿಂಗಡನೆಯಿಂದ ಗುರಿಯ ಮೇಲೆ ಕಾಣುವಂತಹ ಪ್ರಯೋಜನವೇ ಇಲ್ಲವೆನ್ನುವ ನಿಷ್ಣಾತರೂ ಇದ್ದಾರಂತೆ. ಅವರೊಡನೆ ವಾದಿಸುವುದನ್ನು ನಮ್ಮ ನೆರೆಯವರು ಬಿಟ್ಟಿದ್ದರು; ತೂಗುವುದನ್ನು ಬಿಟ್ಟಿರಲಿಲ್ಲ.

ಹಸ್ತಪ್ರತಿಗಳನ್ನು ಎಣಿಸಬಾರದು, ತೂಗಬೇಕು ಎಂದು ನಾವೆಲ್ಲ ತರಗತಿಯಲ್ಲಿ ಹೇಳುತ್ತೇವೆ. ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥಸಂಪಾದನೆ'ಯನ್ನು ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತೇವೆ. ತೂಗುವ ತಕ್ಕಡಿಯೇ ಎಲ್ಲಿ ತಪ್ಪಬಹುದು ಎಂಬುದನ್ನು ಅಷ್ಟು ನಿಚ್ಚಳವಾಗಿ ಹೇಳಿದ ನೆನಪು ನನಗಿಲ್ಲ.

ಎರಡನೆಯ ತಿಂಗಳ ಆರಂಭದಲ್ಲಿ ಅವರು ಬೇರೊಂದು ಡಬ್ಬಿಯನ್ನು ಮೇಜಿನ ಮೇಲೆ ಸುರುವಿದರು. ಅವರ ಬಳಿ ಒಂದು ಹಳೆಯ ಲೀ-ಎನ್‌ಫೀಲ್ಡ್ ಬಂದೂಕೂ ಇತ್ತು. ಎರಡು ಮಹಾಯುದ್ಧಗಳಲ್ಲಿ ಬ್ರಿಟಿಷ್ ಸೈನ್ಯವೂ ಅದರೊಂದಿಗೆ ಭಾರತದ ಸೈನ್ಯವೂ ಹೊತ್ತು ನಡೆದ ಬಂದೂಕು. ನಮ್ಮಲ್ಲಿ ಪೊಲೀಸರ ಹೆಗಲ ಮೇಲೆ ಬಹುಕಾಲ ಇದ್ದ 'ತ್ರೀನಾಟ್‌ತ್ರೀ'. ಡಬ್ಬಿಯಲ್ಲಿದ್ದುದು ಅದರ ಕೇಸುಗಳು. ಈಗ ಮುದ್ರೆ ಓದುವ ಕೆಲಸ ನನ್ನದಾಗಿತ್ತು. ಭೂತಗನ್ನಡಿಯ ಕೆಳಗೆ ಒಂದೊಂದನ್ನೇ ತಿರುಗಿಸುತ್ತ ಹೋದೆ. ಹನ್ನೆರಡನೆಯದೋ ಹದಿಮೂರನೆಯದೋ ಇರಬೇಕು, ತಳದಲ್ಲಿ 'ಕೆ' ಮತ್ತು 'ಎಫ್' ಎಂಬ ಅಕ್ಷರಗಳೂ 66 ಎಂಬ ಅಂಕಿಯೂ ಕಂಡವು.

ಇಲ್ಲಿ ನಿಜ ಹೇಳಬೇಕು. 66 ಎಂದು ಓದಿದಾಗ ನನಗೆ ಮೊದಲು ನೆನಪಾದವರು ಅಪ್ಪನಲ್ಲ. ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದಲ್ಲಿ 1919ರಲ್ಲಿ ತೊಡಗಿದ ಮಹಾಭಾರತದ ಪರಿಷ್ಕೃತ ಆವೃತ್ತಿ ಪೂರ್ಣಗೊಂಡ ವರ್ಷ ಅದು; ನಾನು ಪ್ರತಿ ವರ್ಷ ಎಂ.ಎ. ತರಗತಿಯಲ್ಲಿ ಬರೆಸುವ ಇಸವಿ. ಆಮೇಲೆ 'ಕೆ' ಎಂದರೆ ಕಿರ್ಕೀ ಎಂಬುದು ಹೊಳೆಯಿತು. ಖಡಕಿಗೆ ಇಂಗ್ಲಿಷರಿಟ್ಟ ರೂಪ. 1966ರಲ್ಲಿ ನಾನು ಹುಟ್ಟಿರಲಿಲ್ಲ. ಅಪ್ಪ ಹತ್ತು ವರ್ಷದ ಕೆಲಸಗಾರರು. ನಗರದ ಒಂದು ತುದಿಯಲ್ಲಿ ಸಾವಿರಕ್ಕೂ ಮಿಕ್ಕ ಹಸ್ತಪ್ರತಿಗಳನ್ನು ಹೋಲಿಸಿ ನೋಡುವ ಕೆಲಸ ಮುಗಿಯುತ್ತಿದ್ದಾಗ, ಇನ್ನೊಂದು ತುದಿಯಲ್ಲಿ ಅವರು ಬೆಳಕಿಗೆ ಹಿಡಿದು ನೋಡುತ್ತಿದ್ದುದು ಇದನ್ನು.

ನೆರೆಯವರು ಕೈ ಚಾಚಿ ಆ ಕೇಸನ್ನು ತೆಗೆದುಕೊಂಡು, ಬಾಯಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ಒಮ್ಮೆ ನೋಡಿ, ಕೆಳಗಿದ್ದ ಗುಜರಿಯ ಬಕೆಟ್ಟಿಗೆ ಹಾಕಿದರು. ಠಣ್ಣೆಂಬ ಸದ್ದಾಯಿತು.

ನಾನು ಯಾಕೆಂದು ಕೇಳಿದ ದನಿ ಗಟ್ಟಿಯಾಗಿದ್ದಿರಬೇಕು. ಅವರು ತಲೆಯೆತ್ತಿ ನೋಡಿದರು. ಇನ್ನೊಂದು ಕೇಸನ್ನು ಕೈಗಿತ್ತು ಒಳಗೆ ನೋಡಲು ಹೇಳಿದರು: ತಳದ ನಡುವೆ ಒಂದು ರಂಧ್ರ. ಬಕೆಟ್ಟಿನಿಂದ ನನ್ನದನ್ನು ಎತ್ತಿಕೊಟ್ಟರು: ನಡುವೆ ಏನಿಲ್ಲ, ಅಕ್ಕಪಕ್ಕದಲ್ಲಿ ಸೂಜಿಮೊನೆಯಂತಹ ಎರಡು ರಂಧ್ರಗಳು. ಕ್ಯಾಪಿನ ಕಿಡಿ ಮದ್ದಿಗೆ ಹಾಯುವ ದಾರಿ ಇದು. ಒಂದು ರಂಧ್ರದ ಪದ್ಧತಿ ಬಾಕ್ಸರ್ ಎಂಬ ಇಂಗ್ಲಿಷ್ ಸೈನ್ಯಾಧಿಕಾರಿಯದು, ಎರಡು ರಂಧ್ರದ್ದು ಬರ್ಡಾನ್ ಎಂಬ ಅಮೆರಿಕನ್ನನದು. ಎರಡೂ 1860ರ ದಶಕದವು. ವಿಚಿತ್ರವೆಂದರೆ ಅಮೆರಿಕದವರು ಇಂಗ್ಲಿಷಿನವನದನ್ನು ಅಪ್ಪಿಕೊಂಡರು, ಬ್ರಿಟಿಷ್ ಸಾಮ್ರಾಜ್ಯದ ಕಾರ್ಖಾನೆಗಳು ಅಮೆರಿಕನ್ನನದನ್ನು ಮುಂದುವರಿಸಿದವು. ನಡುವೆ ರಂಧ್ರವಿದ್ದರೆ ಒಂದು ಸೂಜಿಯನ್ನು ತೂರಿಸಿ ಸತ್ತ ಕ್ಯಾಪನ್ನು ಹೊರದಬ್ಬುವುದು ಸುಲಭ. ಎರಡು ರಂಧ್ರದ ಕೇಸಿನಲ್ಲಿ ಸೂಜಿ ನಡುವಿನ ಗಟ್ಟಿಗೆ ತಾಗಿ ಮುರಿಯುತ್ತದೆ. ಬೇರೆ ಉಪಕರಣಗಳಿಂದ ತೆಗೆಯಬಹುದಾದರೂ ಆ ಕಷ್ಟಕ್ಕೆ ಯಾರೂ ಹೋಗುವುದಿಲ್ಲ. ಹಿತ್ತಾಳೆ ಒಳ್ಳೆಯದೇ, ಮರಳಿ ತುಂಬಲು ಬಾರದು, ಅಷ್ಟೆ ಎಂದರು.

ಇದು ನನ್ನ ತಂದೆಯವರ ಕಾರ್ಖಾನೆಯದೆಂದು ಆಗ ಹೇಳಿದೆ. ಅವರು ಕೆಲಸ ನಿಲ್ಲಿಸಿದರು.

ಡಬ್ಬಿಯಲ್ಲಿ ಹುಡುಕಿದಾಗ ಖಡಕಿಯ ಮುದ್ರೆಯವು ಒಟ್ಟು ಏಳು ಸಿಕ್ಕವು, 66ರವು ಮೂರು. ತೂಗೋಣವೇ ಎಂದು ಅವರೇ ಕೇಳಿದರು. ಅಪ್ಪನ ಕಣ್ಣಿನ ಹರಿತವನ್ನು ತಕ್ಕಡಿ ಸಾರಿ ಹೇಳೀತೆಂದು ನಾನು ಉಸಿರು ಬಿಗಿಹಿಡಿದು ಕಾದೆನೆಂಬುದನ್ನು ಮುಚ್ಚಿಡಲಾರೆ. ಮೂರರಲ್ಲಿ ಹಗುರಾದದ್ದಕ್ಕೂ ಭಾರವಾದದ್ದಕ್ಕೂ ನಾಲ್ಕು ಗ್ರೇನು ಅಂತರವಿತ್ತು. ನಮ್ಮ ನೆರೆಯವರ ಹಲಗೆಯಲ್ಲಿ ಅವು ಒಂದೇ ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ. ಅವರು ಸಮಾಧಾನ ಹೇಳಿದರು: ಸೈನ್ಯದ ಕಾಡತೂಸು ಮಳೆಯಲ್ಲಿ, ಕೆಸರಿನಲ್ಲಿ, ಯಾರ ಬಂದೂಕಿನಲ್ಲಾದರೂ ಸಲೀಸಾಗಿ ಹೊಕ್ಕು ಸಿಡಿದು ಹೊರಬಂದರೆ ಸಾಕು, ಅದನ್ನು ನೋಡುವವನ ಕೆಲಸ ಸಿಡಿಯದ್ದನ್ನೂ ಸಿಕ್ಕಿಕೊಳ್ಳುವುದನ್ನೂ ತಡೆಯುವುದು, ಒಂದೇ ರಂಧ್ರದಲ್ಲಿ ಐದು ಗುಂಡು ಹೊಡೆಯಿಸುವುದಲ್ಲ. ಮಾತು ಸರಿಯೇ. ಮೇಲಾಗಿ ಈ ಮೂರರಲ್ಲಿ ಒಂದನ್ನಾದರೂ ಅಪ್ಪ ಮುಟ್ಟಿದ್ದರೆಂದು ಯಾವ ಪ್ರಮಾಣದಿಂದ ಹೇಳಲಿ? ಅಂತಹ ಸಾಲಿನಲ್ಲಿ ಇನ್ನೂ ಎಷ್ಟು ಜನ ಕುಳಿತಿರುತ್ತಿದ್ದರೋ. ವಿದ್ಯಾರ್ಥಿಯೊಬ್ಬ ಇಂತಹ ಆಧಾರದ ಮೇಲೆ ಕರ್ತೃತ್ವ ನಿರ್ಣಯಿಸಿದ್ದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ.

ಆದರೂ ಆ ರಾತ್ರಿ ನಿದ್ರೆ ಬರಲಿಲ್ಲ. ಬಾರದಿದ್ದುದಕ್ಕೆ ಕಾರಣ 1994ರದು.

ಆಗ ನಾನು ಒಂದು ಷಟ್ಪದಿ ಕಾವ್ಯದ ಪಾಠಪರಿಷ್ಕರಣವನ್ನು ಸಂಶೋಧನೆಗೆ ಆರಿಸಿಕೊಂಡಿದ್ದೆ. ಹೈಸ್ಕೂಲು ಮುಗಿದೊಡನೆ ಕಾರ್ಖಾನೆಯ ಅಪ್ರೆಂಟಿಸ್ ತರಬೇತಿಗೆ ಸೇರಲಿ ಎಂಬುದು ಅಪ್ಪನ ಇಚ್ಛೆಯಾಗಿತ್ತು. ನಾನು ಕನ್ನಡವನ್ನು ಹಿಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಒಳಿತಿತ್ತೇನೋ. ಒಂಬತ್ತು ಪ್ರತಿಗಳ ಪಾಠಾಂತರಗಳನ್ನು ದೊಡ್ಡ ಹಾಳೆಗಳಲ್ಲಿ ಒಂಬತ್ತು ಕಂಬಗಳಾಗಿ ಬರೆದು, ಲೋಪವಿದ್ದಲ್ಲಿ ಕೆಂಪು ಚುಕ್ಕೆ ಇಟ್ಟು, ನೆಲದ ಮೇಲೆ ಹಾಸಿಕೊಂಡು ಕುಳಿತಿರುತ್ತಿದ್ದೆ. ನಿವೃತ್ತರಾಗಿದ್ದ ಅಪ್ಪ ಒಂದು ಮಧ್ಯಾಹ್ನ ಚಹದ ಬಟ್ಟಲು ಹಿಡಿದು ಬಂದು ಗೋಡೆಗೊರಗಿ ನಿಂತು ಬಹಳ ಹೊತ್ತು ನೋಡಿದರು. ಹಳಗನ್ನಡ ಅವರಿಗೆ ತಿಳಿಯದು; ಅವರು ಓದುತ್ತಿರಲಿಲ್ಲ, ಚುಕ್ಕೆಗಳನ್ನು ನೋಡುತ್ತಿದ್ದರು.

"ಇವೆರಡೂ ಒಂದs ಡೈದಾಗಿಂದ ಬಂದಾವಲ್ಲೋ," ಎಂದರು. ಬೆರಳು 'ಗ' ಪ್ರತಿಯ ಕಂಬದ ಮೇಲೂ 'ಚ' ಪ್ರತಿಯ ಕಂಬದ ಮೇಲೂ ಇತ್ತು.

ಅವು ಬೇರೆಬೇರೆ ಊರಿನ, ಬೇರೆಬೇರೆ ಕಾಲದ ಪ್ರತಿಗಳೆಂದು ನಾನು ತುಸು ಅಸಹನೆಯಿಂದಲೇ ಹೇಳಿದೆ.

"ಊರು ಯಾವುದರs ಇರಲಿ. ಗೆರಿ ಒಂದs ಜಾಗಾದಾಗ ಬಿದ್ದಿತಂದ್ರ ಅದು ಕೇಸಿನ ತಪ್ಪಲ್ಲ. ಹೋಗಿ ಡೈ ನೋಡಬೇಕು."

ಅವರು ಚಹ ಕುಡಿದು ಹೋದರು. ನಾನು ಹಾಳೆಗಳನ್ನು ಪಕ್ಕಪಕ್ಕಕ್ಕೆ ಎಳೆದು ನೋಡಿದೆ. ಇಪ್ಪತ್ತಮೂರು ಕಡೆ 'ಗ' ಮತ್ತು 'ಚ' ಒಂದೇ ಸಾಲನ್ನು ಬಿಟ್ಟಿದ್ದವು. ಸರಿಯಾದ ಪಾಠವನ್ನು ಯಾರು ಬೇಕಾದರೂ ಉಳಿಸಿಕೊಂಡಾರು; ಒಂದೇ ತಪ್ಪನ್ನು ಇಬ್ಬರು ಲಿಪಿಕಾರರು ಇಪ್ಪತ್ತಮೂರು ಬಾರಿ ತಾವಾಗಿಯೇ ಮಾಡಲಾರರು. ನಾನು ಎರಡು ಸ್ವತಂತ್ರ ಸಾಕ್ಷಿಗಳೆಂದು ಎಣಿಸಿದ್ದುದು ಕಳೆದುಹೋದ ಒಂದೇ ಮಾತೃಕೆಯ ಎರಡು ಮಕ್ಕಳು. ಸಮಾನ ಸ್ಖಾಲಿತ್ಯದಿಂದ ಸಮಾನ ಮೂಲವನ್ನು ಊಹಿಸಬೇಕೆಂಬ ಸೂತ್ರವನ್ನು ನಾನು ಓದಿರಲಿಲ್ಲವೆಂದಲ್ಲ. ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ನನ್ನ ಹಾಳೆಯ ಮೇಲೆ ಅದು ನನಗೆ ಕಂಡಿರಲಿಲ್ಲ. ಪ್ರಬಂಧದ ನಾಲ್ಕನೆಯ ಅಧ್ಯಾಯ, ಪ್ರತಿಗಳ ವಂಶವೃಕ್ಷದ್ದು, ಆ ಮಧ್ಯಾಹ್ನದಿಂದ ಹೊಸದಾಗಿ ಬರೆದದ್ದು. ಮೌಖಿಕ ಪರೀಕ್ಷೆಗೆ ಬಂದ ವಿದ್ವಾಂಸರು ಬಹುವಾಗಿ ಮೆಚ್ಚಿದ್ದೂ ಆ ಅಧ್ಯಾಯವನ್ನೇ.

ಮುನ್ನುಡಿಯಲ್ಲಿ ಗುರುಗಳನ್ನು ನೆನೆದೆ, ಪ್ರತಿ ಕೊಟ್ಟ ಮಠಗಳನ್ನು, ಗ್ರಂಥಪಾಲಕರನ್ನು, ಬೆರಳಚ್ಚು ಮಾಡಿದವರನ್ನು ನೆನೆದೆ. ಕಡೆಯ ಸಾಲಿನಲ್ಲಿ ತೀರ್ಥರೂಪರಿಗೂ ಮಾತೃಶ್ರೀಯವರಿಗೂ ಪ್ರಣಾಮಗಳು ಎಂದಿತ್ತು, ಎಲ್ಲರ ಪ್ರಬಂಧದಲ್ಲಿ ಇರುವಂತೆ. ಕಾರ್ಖಾನೆಯ ಕೆಲಸಗಾರನೊಬ್ಬನ ಮಾತಿನಿಂದ ಶಾಖಾನಿರ್ಣಯ ಹೊಳೆಯಿತೆಂದು ಬರೆದರೆ ವಿದ್ವಾಂಸರು ಏನೆಂದುಕೊಂಡಾರು ಎಂಬ ಅಳುಕು ಒಂದು. ಹೊಳೆದದ್ದು ನನಗೇ ಎಂದು ಅಷ್ಟರಲ್ಲಿ ನಾನೇ ಅರ್ಧ ನಂಬಿದ್ದೆನೆಂಬುದು ಇನ್ನೊಂದು. ರಟ್ಟು ಕಟ್ಟಿದ ಪ್ರತಿಯನ್ನು ಮನೆಗೆ ತಂದ ದಿನ ಅಪ್ಪ ಕನ್ನಡಕ ಹಾಕಿಕೊಂಡು ಮುನ್ನುಡಿಯ ಮೂರು ಪುಟವನ್ನೂ ಓದಿದರು. ಅವರು ನೋಡುವ ರೀತಿಯಲ್ಲಿಯೇ, ಪ್ರತಿ ಸಾಲಿನ ಕೆಳಗೂ ಬೆರಳು ಸರಿಸುತ್ತ.

"ಆ ಚ ಪ್ರತಿದ್ದು ಏನಾತು?"

"ನಾಲ್ಕನೇ ಅಧ್ಯಾಯದಾಗ ಐತಿ, ಅಪ್ಪಾ."

"ಹೌದೇನು," ಎಂದು ಪುಟ ತಿರುವಿದರು. 2006ರಲ್ಲಿ ತೀರಿಕೊಳ್ಳುವವರೆಗೆ ಮತ್ತೆ ಆ ಮಾತು ಬರಲಿಲ್ಲ. ಪ್ರಬಂಧ ಪುಸ್ತಕವಾಗಿ ಅಚ್ಚಾದಾಗ ತಿದ್ದಲು ಅವಕಾಶವಿತ್ತು. ತಿದ್ದಲಿಲ್ಲ.

ಓಹಾಯೊದಿಂದ ಹೊರಡುವ ಹಿಂದಿನ ದಿನ ನೆರೆಯವರು ಆ ಮೂರು ಕೇಸುಗಳನ್ನೂ ಮತ್ತೊಮ್ಮೆ ಬೆಳಗಿ, ಬಟ್ಟೆಯ ಚೀಲವೊಂದರಲ್ಲಿ ಹಾಕಿ ತಂದುಕೊಟ್ಟರು. ಅಕ್ಕನ ಮಗ ನೋಡಿದವನೇ ಗಾಬರಿಗೊಂಡ. "ಮಾಮಾ, ಇದನ್ನ ಒಯ್ಯಬ್ಯಾಡ್ರಿ. ಖಾಲಿ ಇದ್ದರೂ ಅಲ್ಲಿ ವಿಮಾನ ನಿಲ್ದಾಣದಾಗ ಹಿಡೀತಾರ. ಈ ವಯಸ್ಸಿನಾಗ ಪೊಲೀಸ್ ಸ್ಟೇಷನ್ ಯಾಕ ಬೇಕು?" 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಮದ್ದುಗುಂಡು ಎಂಬುದರ ವ್ಯಾಖ್ಯೆಯೊಳಗೆ ಅದರ ಬಿಡಿಭಾಗಗಳೂ ಸೇರುತ್ತವೆ, ಅವನು ಹೇಳಿದ್ದು ಸುಳ್ಳಲ್ಲ. ಪುಣೆಯಲ್ಲಿ ಹುಟ್ಟಿದ ವಸ್ತು ಪುಣೆಗೆ ಮರಳಲು ಪರವಾನಗಿ ಬೇಕು.

ನೆರೆಯವರ ಮೇಜಿಗೆ ಮರಳಿ ಹೋದೆ. ಶಾಸನದ ಪಡಿಯಚ್ಚು ತೆಗೆಯುವುದನ್ನು ವಿದ್ಯಾರ್ಥಿಯಾಗಿದ್ದಾಗ ಕಲಿತಿದ್ದೇನೆ. ಕಲ್ಲಿಗಾದರೆ ಒದ್ದೆ ಕಾಗದ, ಕುಂಚ, ಮಸಿ ಬೇಕು. ಇಲ್ಲಿ ದಿನಚರಿಯ ಒಂದು ತೆಳು ಹಾಳೆಯೂ ಮೆತ್ತನೆಯ ಪೆನ್ಸಿಲೂ ಸಾಕಾದವು. ಕೇಸನ್ನು ತಲೆಕೆಳಗಾಗಿ ಹಿಡಿಕೆಯಲ್ಲಿ ನಿಲ್ಲಿಸಿ, ಹಾಳೆಯನ್ನು ಬಿಗಿಯಾಗಿ ಹಿಡಿದು, ಪೆನ್ಸಿಲನ್ನು ಓರೆಯಾಗಿ ಉಜ್ಜಿದೆ. ಮೊದಲನೆಯದು ಸರಿದುಹೋಯಿತು. ಎರಡನೆಯದರಲ್ಲಿ ಅಂಕಿ ಬಂದಿತು, ಅಕ್ಷರ ಬರಲಿಲ್ಲ. ನೆರೆಯವರು ಹಾಳೆಯ ಎರಡು ಮೂಲೆಗಳನ್ನು ತಮ್ಮ ದಪ್ಪ ಬೆರಳುಗಳಿಂದ ಒತ್ತಿ ಹಿಡಿದರು. ಮೂರನೆಯದರಲ್ಲಿ ಕಪ್ಪಿನ ನಡುವೆ ಬಿಳಿಯಾಗಿ 'ಕೆ', 'ಎಫ್', 66 ಎಲ್ಲವೂ ಮೂಡಿದವು. ಅಂಚಿನ ಒಂದು ಕಡೆ ಸಣ್ಣದೊಂದು ಗೆರೆಯೂ ಬಂದಿತ್ತು. ಉಳಿದ ಎರಡು ಕೇಸುಗಳನ್ನು ಭೂತಗನ್ನಡಿಯಲ್ಲಿ ನೋಡಿದೆ. ಒಂದರಲ್ಲಿ ಅದೇ ಜಾಗದಲ್ಲಿ ಅದೇ ಗೆರೆ ಇತ್ತು, ಇನ್ನೊಂದರಲ್ಲಿ ಇರಲಿಲ್ಲ.

ಆ ಹಾಳೆಯನ್ನು ಪ್ರಬಂಧದ ನನ್ನ ಸ್ವಂತ ಪ್ರತಿಯಲ್ಲಿ, ನಾಲ್ಕನೆಯ ಅಧ್ಯಾಯ ಆರಂಭವಾಗುವಲ್ಲಿ ಇಟ್ಟಿದ್ದೇನೆ.